ವೈಶುವಿನ ಕೆಟ್ಟ ಪೆಟ್ಟಿಗೆಗಳು

ಹೊಸ ರಟ್ಟಿಗೆ ಒಂದು ವಾಸನೆ ಉಂಟು. ಒಣಹುಲ್ಲಿನ ಹಾಗೆ, ಸ್ವಲ್ಪ ಗೋಂದಿನ ಹಾಗೆ. ಮೊನ್ನೆ ದುಬೈಯ ಊದ್ ಮೇಥಾದಲ್ಲಿ ಒಂದು ಸಿಹಿತಿಂಡಿ ಅಂಗಡಿಯ ಬಾಗಿಲು ದೂಡಿ ಒಳಗೆ ಹೋದೆ. ತುಪ್ಪದ ಪರಿಮಳ, ಏಲಕ್ಕಿಯ ಪರಿಮಳ ಎಲ್ಲ ಇತ್ತು. ಆದರೆ ನನ್ನ ಮೂಗಿಗೆ ಮೊದಲು ಬಡಿದದ್ದು ರಟ್ಟಿನ ವಾಸನೆಯೇ.

ಗಾಜಿನ ಆಚೆ ನನ್ನ ಮೊಮ್ಮಗಳು ವೈಷ್ಣವಿ, ನಮ್ಮ ವೈಶು, ನಿಂತಿದ್ದಳು. ತಲೆಗೆ ಬಿಳಿ ಟೊಪ್ಪಿ, ಎದೆಯ ಮೇಲೆ ಅವಳ ಹೆಸರು ಬರೆದ ಪಟ್ಟಿ. ಮುಂದೆ ಮಡಚಿದ ಪೆಟ್ಟಿಗೆಗಳ ಗೋಪುರ. ನನಗಾದ ಸಂತೋಷವನ್ನು ಎಲ್ಲಿ ಇಡಲಿ ಎಂದು ತಿಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗಿರಾಕಿಯ ತೋಳು ಹಿಡಿದು, "ಅದಾ ನೋಡಿ, ಅದು ನನ್ನ ಮೊಮ್ಮಗಳು" ಎಂದು ತುಳುವಿನಲ್ಲಿ ಹೇಳಿಯೇಬಿಟ್ಟೆ. ಆ ಹೆಂಗಸು ಫಿಲಿಪೈನ್ಸಿನವಳಂತೆ. ಒಂದು ಅಕ್ಷರ ಅರ್ಥವಾಗದಿದ್ದರೂ ನಕ್ಕು ನನ್ನ ಕೈ ಕುಲುಕಿದಳು. "ಅಮ್ಮಾ, ಸ್ವಲ್ಪ ಸುಮ್ಮನಿರಿ, ಮರ್ಯಾದೆ ಹೋಗ್ತದೆ" ಎಂದು ಮಗಳು ಶಶಿಕಲಾ ನನ್ನ ಸೆರಗು ಎಳೆದಳು. ಅವಳ ಕಣ್ಣೂ ಒದ್ದೆಯಾಗಿತ್ತು, ನಾನು ನೋಡಿದೆ.

ನಗುತ್ತಾ ನಿಂತಿದ್ದಂತೆಯೇ ಆ ರಟ್ಟಿನ ವಾಸನೆ ನನ್ನನ್ನು ಐದು ವರ್ಷ ಹಿಂದಕ್ಕೆ, ಅಬುಧಾಬಿಯ ಖಾಲಿದಿಯಾದ ಒಂದು ಚಳಿಗಾಲಕ್ಕೆ ಎಳೆದುಕೊಂಡು ಹೋಯಿತು. ಅದನ್ನು ಬರೆಯಬೇಕೆಂದು ಬಹಳ ದಿನದಿಂದ ಇತ್ತು. ನಾನು ಕಲಿತದ್ದು ನಾಲ್ಕನೇ ಕ್ಲಾಸು. ಮಾತಾಡುವುದು ತುಳು, ಬರೆಯಲು ಬರುವುದು ಕನ್ನಡ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಗ ವೈಶುವಿಗೆ ಹದಿನೆಂಟು. ಅವಳಿಗೆ ಕಲಿಯುವುದು ನಿಧಾನ. ಹುಟ್ಟುವಾಗಲೇ ಉಸಿರು ಕಟ್ಟಿ ಸ್ವಲ್ಪ ತೊಂದರೆ ಆಗಿತ್ತು. ಮಾತು ಕಡಿಮೆ, ಒಂದು ವಿಷಯ ಹೇಳಿದರೆ ಅದು ಅವಳ ಒಳಗೆ ಇಳಿಯಲು ಹೊತ್ತು ಬೇಕು, ಇಳಿದ ಮೇಲೆ ಮಾತ್ರ ಮತ್ತೆ ಹೋಗುವುದಿಲ್ಲ. ಏಳು ವರ್ಷದ ತನಕ ಊರಲ್ಲಿ, ಕಾಪುವಿನ ಹತ್ತಿರ ನಮ್ಮ ಮನೆಯಲ್ಲಿ, ನನ್ನ ಮಡಿಲಲ್ಲೇ ಬೆಳೆದವಳು. ಆಮೇಲೆ ಅಪ್ಪ ಅಮ್ಮ ಅಬುಧಾಬಿಗೆ ಕರೆಸಿಕೊಂಡರು. ಅಲ್ಲಿನ ಶಾಲೆಯವರು ಹದಿನೆಂಟಕ್ಕೆ, ಇನ್ನು ನಮ್ಮಲ್ಲಿ ಕಲಿಸಲು ಏನೂ ಇಲ್ಲ ಎಂದು ಕೈಬಿಟ್ಟರು. ಮಗಳು, ಅಳಿಯ ಇಬ್ಬರೂ ಆಫೀಸಿಗೆ ಹೋಗುವವರು. ಮಗು ಇಡೀ ದಿನ ಫ್ಲ್ಯಾಟಿನಲ್ಲಿ ಒಬ್ಬಳೇ. ಹಾಗಾಗಿ ಅಕ್ಟೋಬರಿನಲ್ಲಿ ನನಗೆ ವೀಸಾ ಮಾಡಿಸಿ ಕರೆಸಿದರು.

ನಾನು ಬಂದು ಮೂರು ವಾರಕ್ಕೆ ಒಂದು ಒಳ್ಳೆಯ ಸುದ್ದಿ ಬಂತು. ಯುರೋಪಿನ ಮೂರು ದೇಶದವರು ಸೇರಿ, ಇಲ್ಲಿನ ಒಂದು ತರಬೇತಿ ಕೇಂದ್ರದ ಜೊತೆ ಒಂದು ಯೋಜನೆ ಮಾಡಿದ್ದರಂತೆ. ವೈಶುವಿನಂಥ ಮಕ್ಕಳಿಗೆ ಕೈಕೆಲಸ ಕಲಿಸುವುದು, ಕಲಿತ ಮೇಲೆ ನಿಜವಾದ ಕೆಲಸಕ್ಕೆ ಸೇರಿಸುವುದು. ಹತ್ತೇ ಜನ. ವೈಶುವಿನ ಹೆಸರು ಬಂತು. ಮಗಳು ಆ ಕಾಗದವನ್ನು ಎರಡೆರಡು ಸಲ ಓದಿ ಹೇಳಿದಳು. "ಅಮ್ಮಾ, ಇಷ್ಟು ವರ್ಷ ಎಲ್ಲರೂ ಇವಳಿಗೆ ಏನು ಬರುವುದಿಲ್ಲ ಅಂತ ಪಟ್ಟಿ ಕೊಟ್ಟರು. ಇವರು ಏನು ಬರ್ತದೆ ಅಂತ ಕೇಳ್ತಿದ್ದಾರೆ" ಎಂದಳು.

ಕಲಿಸುವವಳು ಮಾರ್ತಾ ಅಂತ, ಪೋರ್ಚುಗಲ್ಲಿನವಳು. ಐವತ್ತು ದಾಟಿದ ಹೆಂಗಸು. ಎತ್ತರ, ಕುತ್ತಿಗೆಯಲ್ಲಿ ಕನ್ನಡಕ ನೇತಾಡುತ್ತಿತ್ತು. ಮಕ್ಕಳ ಜೊತೆ ನೆಲದ ಮೇಲೆ ಕುಳಿತು ಕೆಲಸ ಮಾಡುತ್ತಿದ್ದಳು, ಅದು ನೋಡಿಯೇ ನನಗೆ ಅವಳ ಮೇಲೆ ಪ್ರೀತಿ ಬಂದದ್ದು. ಅವಳು ಇಂಗ್ಲಿಷಿನಲ್ಲಿ ಹೇಳುವುದು, ಮಗಳು ನನಗೆ ತುಳುವಿನಲ್ಲಿ ಹೇಳುವುದು. ಮೊದಲ ದಿನ ಅವಳು ನನ್ನ ಕಡೆಗೇ ತಿರುಗಿ ಹೇಳಿದ್ದು ಒಂದೇ ಮಾತು: ಮನೆಯಲ್ಲಿ ಇವಳು ಮಾಡುವುದನ್ನು ಇವಳೇ ಮಾಡಲಿ. ನಾನು ತಲೆ ಅಲ್ಲಾಡಿಸಿದೆ. ಎಲ್ಲ ಹೊಸ ಟೀಚರುಗಳೂ ಹಾಗೆ ಹೇಳುತ್ತಾರಲ್ಲ.

ಕೆಲಸ ಎಂತದ್ದು ಅಂದರೆ ಖರ್ಜೂರದ ಪೆಟ್ಟಿಗೆ ಮಡಚುವುದು. ಚಪ್ಪಟೆ ರಟ್ಟು ಇರ್ತದೆ, ಅದರಲ್ಲಿ ಗೆರೆ ಒತ್ತಿರ್ತದೆ. ನಾಲ್ಕು ಮೂಲೆ ಎಬ್ಬಿಸಿ, ನಾಲಗೆಯ ಹಾಗಿರುವ ತುಂಡನ್ನು ಸೀಳಿನೊಳಗೆ ತೂರಿಸಿ, ಮೇಲೆ ರಿಬ್ಬನ್ ಕಟ್ಟಬೇಕು. ರಂಜಾನಿಗೆ ಮೊದಲು ಅಲ್ಲಿ ಇಂಥ ಪೆಟ್ಟಿಗೆ ಸಾವಿರಗಟ್ಟಲೆ ಬೇಕು. ಅಲ್ ಮೀನಾದಲ್ಲಿ ಖರ್ಜೂರ ತುಂಬಿಸುವ ಒಬ್ಬ ವ್ಯಾಪಾರಿ, ಕಲಿತ ಮಕ್ಕಳಲ್ಲಿ ನಾಲ್ಕು ಜನಕ್ಕೆ ಕಾಯಂ ಕೆಲಸ ಕೊಡುತ್ತೇನೆ ಎಂದು ಒಪ್ಪಿದ್ದ. ಆ ನಾಲ್ವರಲ್ಲಿ ನಮ್ಮ ವೈಶು ಇರಬೇಕು. ಇದು ಒಂದೇ ನಮಗೆ ತಲೆಯಲ್ಲಿ ಇದ್ದದ್ದು.

ಪ್ರತಿ ಶುಕ್ರವಾರ ವೈಶು ಒಂದು ಚೀಲ ತರುತ್ತಿದ್ದಳು. ಅದರಲ್ಲಿ ಇಪ್ಪತ್ತು ರಟ್ಟು, ಇಪ್ಪತ್ತು ತುಂಡು ರಿಬ್ಬನ್. ಸೋಮವಾರ ಇಪ್ಪತ್ತನ್ನೂ ವಾಪಸು ಕೊಡಬೇಕು. ಮೊದಲ ಶುಕ್ರವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ರಟ್ಟು ಹರಡಿಕೊಂಡು ಕುಳಿತಳು. ನಾನು ಎದುರು ಕುಳಿತೆ. ಅವಳು ಎಡಗೈ ಮುಂದೆ ಮಾಡಿ ಒಂದು ಮೂಲೆ ಎಬ್ಬಿಸಿದಳು.

"ಆ ಕೈ ಅಲ್ಲ ಮಗಾ" ಎಂದೆ.

ಅವಳು ಕೈ ಬದಲಾಯಿಸಿದಳು. ಇದು ನಮ್ಮಲ್ಲಿ ಹೊಸತಲ್ಲ. ಚಿಕ್ಕಂದಿನಿಂದ ಅವಳ ಎಡಗೈ ಮುಂದೆ ಬಂದಾಗಲೆಲ್ಲ ನಾನು ಮೆಲ್ಲಗೆ ಒಂದು ತಟ್ಟುತ್ತಿದ್ದೆ. ಊಟಕ್ಕೆ, ದೇವರಿಗೆ ಹೂ ಹಾಕಲು, ಯಾರಿಗಾದರೂ ಏನಾದರೂ ಕೊಡಲು. ಎಡಗೈಯಲ್ಲಿ ಕೊಟ್ಟರೆ ತೆಗೆದುಕೊಳ್ಳುವವರಿಗೆ ಬೇಸರ ಅಲ್ಲವಾ? ಮೊದಲೇ ಬೇರೆ ಮಕ್ಕಳ ಹಾಗಿಲ್ಲದ ಮಗು, ಇದೂ ಒಂದು ಸೇರುವುದು ಬೇಡ ಎಂದು ನಾನು ಅಷ್ಟು ಜಾಗ್ರತೆ ಮಾಡಿದ್ದು. ಎಲ್ಲರೂ ನೋಡುವಾಗ ಬಲಗೈ ಎಂಬುದು ಅವಳ ಒಳಗೆ ಇಳಿದಿತ್ತು. ಇಳಿದದ್ದು ಹೋಗುವುದಿಲ್ಲ ಎಂದೆನಲ್ಲ.

ಒಂದು ಗಂಟೆ ಹೊತ್ತಿನಲ್ಲಿ ಮೂರು ಪೆಟ್ಟಿಗೆ ಆಯಿತು. ಮೂರೂ ಹಾಳು. ಒಂದು ಮೂಲೆ ಕತ್ತರಿಸಿ ಇಟ್ಟ ಹಾಗೆ ನೇರ, ಉಳಿದ ಮೂರು ಮೂಲೆ ಮುದುಡಿ ಹೋಗಿತ್ತು. ವೈಶು ಎದ್ದು ಮಲಗಲು ಹೋದಳು.

ಇನ್ನು ನನ್ನ ಕಥೆ ಹೇಳಬೇಕು. ನಾನು ಎಂಟನೇ ವರ್ಷದಿಂದ ಬೀಡಿ ಕಟ್ಟಿದವಳು. ನಮ್ಮ ಕಡೆ ಅದು ಮನೆಮನೆಯ ಕೆಲಸ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವುದು. ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಪುಸ್ತಕದಲ್ಲಿ ಹೆಸರು ಅಮ್ಮನದು, ಕಟ್ಟುವವರು ನಾವು ನಾಲ್ಕು ಹೆಣ್ಣುಮಕ್ಕಳು. ಅಕ್ಕನಿಗೆ ಜ್ವರ ಬಂದರೆ ಅವಳ ಪಾಲಿನದು ನಾನು ಕಟ್ಟುವುದು, ನನಗೆ ಶಾಲೆಗೆ ಹೊತ್ತಾದರೆ ತಂಗಿ ಕಟ್ಟುವುದು. ಯಾರ ಕೈ ಎಂದು ಬೀಡಿ ಬ್ರಾಂಚಿನಲ್ಲಿ ಯಾರೂ ಕೇಳುವುದಿಲ್ಲ. ಸರಿ ಇದೆಯಾ, ಇಲ್ಲವಾ, ಅಷ್ಟೇ. ಒಂದು ಸೊಟ್ಟ ಬೀಡಿ ಕಂಡರೆ ನೋಡುವವನು ಇಡೀ ಕಟ್ಟನ್ನು ಬದಿಗೆ ಎಸೆಯುತ್ತಿದ್ದ. ಅದಕ್ಕೆ ಸೊಟ್ಟದ್ದನ್ನು ನಾವು ಮನೆಯಲ್ಲೇ ಆರಿಸಿ ತೆಗೆಯುತ್ತಿದ್ದೆವು. ಬ್ರಾಂಚಿಗೆ ಒಳ್ಳೆಯದು ಮಾತ್ರ ಹೋಗಬೇಕು. ನಲವತ್ತು ವರ್ಷ ಹೀಗೆ ಬದುಕಿದ ಬೆರಳುಗಳು ನನ್ನದು.

ಆ ಮೂರು ಪೆಟ್ಟಿಗೆಯನ್ನು ನಾನು ಬಿಚ್ಚಿದೆ, ನೆಟ್ಟಗಾಗಲಿಲ್ಲ. ನಮ್ಮ ಬಾಗಿಲ ಹತ್ತಿರವೇ ಕಸ ಕೆಳಗೆ ಬೀಳಿಸುವ ಕೊಳವೆ ಇತ್ತು, ಅದರ ಬಾಗಿಲು ತೆರೆದು ಹಾಕಿದೆ. ಹನ್ನೊಂದನೇ ಮಾಳಿಗೆಯಿಂದ ಕೆಳಗೆ ಬೀಳುವ ಸದ್ದು ಕೇಳಿತು. ಉಳಿದ ಹದಿನೇಳನ್ನು ಚಾ ಕುದಿಯುವಷ್ಟರಲ್ಲಿ ನಾನೇ ಮಡಚಿಟ್ಟೆ. ಬೆರಳಿಗೆ ಎಷ್ಟೋ ವರ್ಷದ ಮೇಲೆ ಕೆಲಸ ಸಿಕ್ಕಿತ್ತು, ಸುಖವಾಯಿತು, ಸುಳ್ಳು ಯಾಕೆ ಹೇಳಲಿ. ಸೋಮವಾರ ಮೂರು ಕಡಿಮೆ ಇದ್ದದ್ದಕ್ಕೆ, ಚಾ ಚೆಲ್ಲಿ ಹಾಳಾಯಿತು ಎಂದು ಮಗಳ ಹತ್ತಿರ ಚೀಟಿ ಬರೆಸಿ ಕಳಿಸಿದೆ.

ಮುಂದಿನ ವಾರದಿಂದ ಪಕ್ಕದ ಫ್ಲ್ಯಾಟಿನ ಝೊಹರಾ ಜೊತೆಗೂಡಿದಳು. ಅವಳು ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು, ಗಂಡ ಕಂಪನಿಯಲ್ಲಿ ಡ್ರೈವರ್. ಬಾಲ್ಯದಲ್ಲಿ ಅವಳೂ ಬೀಡಿ ಕಟ್ಟಿದವಳೇ.

"ಸುಂದರಕ್ಕ, ಇದೆಂತ, ಇಲ್ಲಿಯೂ ಬ್ರಾಂಚ್ ಓಪನ್ ಮಾಡಿದಿರಾ?" ಎಂದು ನಗುತ್ತಾ ಎದುರು ಕುಳಿತಳು.

"ನಿನ್ನ ಕೈ ಈಗ ಬಿರಿಯಾನಿ ತಿರುಗಿಸಿ ದಪ್ಪ ಆಗಿದೆ. ನಿನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ತಿ."

"ಆಗ್ಲಿಕ್ಕಿಲ್ವಾ? ಹತ್ತು ನಿಮಗೆ, ಹತ್ತು ನನಗೆ. ಯಲ್ಲಾ, ಶುರು!"

ಇಬ್ಬರೂ ಪಂತಕ್ಕೆ ಬಿದ್ದು ಮಡಚಿದೆವು. ನಾನು ಗೆದ್ದೆ. ವೈಶು ಸೋಫಾದ ಮೇಲೆ ಕಾಲು ಮಡಚಿ ಕುಳಿತು ನಮ್ಮನ್ನೇ ನೋಡುತ್ತಿದ್ದಳು. ಅವಳೂ ನಗುತ್ತಿದ್ದಾಳೆ ಎಂದು ಆಗ ನನಗೆ ಅನಿಸಿತ್ತು. ಈಗ ನೆನಪು ಮಾಡಿಕೊಂಡರೆ ಆ ಮುಖದಲ್ಲಿ ನಗು ಇತ್ತಾ ಎಂದು ಗೊತ್ತಾಗುವುದಿಲ್ಲ. ಪ್ರತಿ ವಾರ ಅವಳು ಎರಡು ಮೂರು ಮಾಡಿ ಏಳುವುದು, ನಾನು ಅದನ್ನು ಕೊಳವೆಗೆ ಹಾಕುವುದು. ವಾರವಾರ ಕೇಂದ್ರದಿಂದ ಬೇಡಿ ತರುತ್ತಿದ್ದ ನಾಲ್ಕೈದು ಹೆಚ್ಚಿನ ರಟ್ಟು ಈಗ ನನ್ನ ಹತ್ತಿರ ಇತ್ತು. ಲೆಕ್ಕಕ್ಕೆ ಕಡಿಮೆ ಬೀಳುತ್ತಿರಲಿಲ್ಲ.

ಜನವರಿಯಲ್ಲಿ ಮಂಜು ಬಂತು. ಅಬುಧಾಬಿಯಲ್ಲಿ ಮಂಜು ಬೀಳುತ್ತದೆ ಎಂದು ಊರಲ್ಲಿ ಹೇಳಿದರೆ ನಂಬುವುದಿಲ್ಲ. ಬೆಳಿಗ್ಗೆ ಕಿಟಕಿ ಹೊರಗೆ ಎದುರಿನ ಕಟ್ಟಡವೇ ಇಲ್ಲ, ಎಲ್ಲ ಹಾಲು. ಅಂಥ ಒಂದು ಬೆಳಿಗ್ಗೆ ಮಾರ್ತಾ ನಮ್ಮನ್ನು ಕರೆಸಿದಳು. ಮೇಜಿನ ಮೇಲೆ ನನ್ನ ಪೆಟ್ಟಿಗೆಗಳು ಸಾಲಾಗಿ ಇದ್ದವು. ಅವಳು ಒಂದನ್ನು ಎತ್ತಿ ತಿರುಗಿಸಿ ನೋಡಿ, ಇದು ಬಹಳ ಚೆಂದ ಎಂದಳು. ಆದರೆ ಇಲ್ಲಿ ತರಗತಿಯಲ್ಲಿ ವೈಶುವಿನ ಕೈ ಏಳುವುದೇ ಇಲ್ಲ, ಮನೆಯಲ್ಲಿ ಇಷ್ಟು ಚೆನ್ನಾಗಿ ಮಾಡುತ್ತಾಳೆ, ಹಾಗಾದರೆ ಜನರ ಎದುರು ಹೆದರಿಕೆ ಇರಬೇಕು ಎಂದಳು. ಮತ್ತೆ ನನ್ನನ್ನೇ ನೋಡಿ ಏನೋ ಕೇಳಿದಳು.

"ಅಮ್ಮಾ, ಮನೆಯಲ್ಲಿ ಯಾರಾದರೂ ಸಹಾಯ ಮಾಡ್ತಾರಾ ಅಂತ ಕೇಳ್ತಿದ್ದಾರೆ" ಎಂದಳು ಮಗಳು. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ. ಶನಿವಾರವೂ ಆಫೀಸಿಗೆ ಹೋಗುವವಳು.

ವೈಶು ನನ್ನ ಪಕ್ಕದಲ್ಲೇ ಇದ್ದಳು. ತಲೆ ಎತ್ತಿ ನನ್ನ ಮುಖ ನೋಡಿದಳು. ಅವಳಿಗೆ ಮಾತು ಬರುವುದು ನಿಧಾನ. ನಾನು ಹೇಳುತ್ತೇನೆ ಎಂದು ಕಾದಳು.

"ಇಲ್ಲ, ಅವಳೇ ಮಾಡುವುದು" ಎಂದೆ.

ಮಗು ತಲೆ ತಗ್ಗಿಸಿತು.

ಮಾರ್ತಾ ಬರೆದುಕೊಂಡಳು. ಹೆದರಿಕೆ ಮಾತ್ರ ಆದರೆ ಕೆಲಸದ ಜಾಗಕ್ಕೇ ಹೋದರೆ ಬಿಡುತ್ತದೆ ಎಂದು ವೈಶುವಿನ ಹೆಸರನ್ನು ಅಲ್ ಮೀನಾದಲ್ಲಿ ಬೇಗ ಕೈ ಓಡುವವರ ಮೇಜಿಗೆ ಹಾಕಿದಳು. ನಿಧಾನದವರಿಗೆ ಬೇರೆ ಮೇಜು ಇತ್ತು, ಅಲ್ಲಿ ಜೊತೆಗೊಬ್ಬರು ನಿಂತು ತೋರಿಸಿಕೊಡುತ್ತಿದ್ದರು. ನನಗೆ ಹೆಮ್ಮೆಯಾಯಿತು. ದೇವರ ಎದುರು ದೀಪ ಹಚ್ಚಿದೆ.

ಝೊಹರಾ ಮಾತ್ರ ಆ ಸಂಜೆ ನಗಲಿಲ್ಲ. "ಅಕ್ಕ, ಬ್ರಾಂಚಿನವರಿಗೆ ಬೇಕಾದದ್ದು ಬೀಡಿ. ಇವರಿಗೆ ಬೇಕಾದದ್ದು ಪೆಟ್ಟಿಗೆಯಾ, ಹುಡುಗಿಯಾ?" ಎಂದಳು. "ನೀನು ಸುಮ್ಮನಿರು, ಒಳಗೆ ಸೇರಿದ ಮೇಲೆ ಕಲಿಯುತ್ತಾಳೆ" ಎಂದು ಬಾಯಿ ಮುಚ್ಚಿಸಿದೆ.

ಫೆಬ್ರವರಿಯಲ್ಲಿ ಅಲ್ ಮೀನಾಕ್ಕೆ ಹೋದದ್ದು. ಒಂದು ಕಡೆಯಿಂದ ಮೀನು ಮಾರ್ಕೆಟಿನ ವಾಸನೆ, ಒಳಗೆ ಹೋದರೆ ಖರ್ಜೂರದ ಸಿಹಿ, ಅದರ ಮೇಲೆ ರಟ್ಟು. ಉದ್ದದ ಮೇಜು. ರಟ್ಟು ಬಲಗಡೆಯಿಂದ ಬರುವುದು, ಮಡಚಿ ಎಡಕ್ಕೆ ದೂಡುವುದು, ಅಲ್ಲಿ ಖರ್ಜೂರ ತುಂಬುವವರು ಕಾಯುವುದು. ವೈಶುವನ್ನು ಮಧ್ಯದಲ್ಲಿ ಕೂರಿಸಿದರು. ನಾನೂ ಮಗಳೂ ಬಾಗಿಲ ಹತ್ತಿರ ನಿಂತೆವು.

ಅವಳು ಒಂದು ಮೂಲೆ ಎಬ್ಬಿಸಿದಳು. ಎಡಗೈಯಲ್ಲಿ. ಅಷ್ಟರಲ್ಲಿ ನನ್ನನ್ನು ನೋಡಿದಳು. ನಾನು ಅಲ್ಲಿಂದಲೇ, ಆ ಜನರ ಎದುರು, ತಲೆ ಅಲ್ಲಾಡಿಸಿ ಬೇಡ ಎಂದೆ. ಕೈ ಬದಲಾಯಿಸಿದಳು. ರಟ್ಟು ಮುದುಡಿತು. ಮುಂದಿನದು ಬಂತು, ಅದರ ಮುಂದಿನದು ಬಂತು. ಅವಳ ಬಲಗಡೆ ರಟ್ಟು ರಾಶಿ ಬಿತ್ತು. ತುಂಬುವವರು ಕೈಕಟ್ಟಿ ನಿಂತರು. ಕೊನೆಗೆ ಅವಳು ಎರಡೂ ಕೈಗಳನ್ನು ತೊಡೆಯ ಅಡಿಗೆ ಹಾಕಿ, ಅದರ ಮೇಲೆ ಕುಳಿತುಬಿಟ್ಟಳು. ಮೇಸ್ತ್ರಿ ಗದರಲಿಲ್ಲ. "ಖಲಾಸ್ ಬೇಟಿ, ಖಲಾಸ್" ಎಂದು ಮೆಲ್ಲಗೆ ಹೇಳಿ ಬೇರೆ ಹುಡುಗಿಯನ್ನು ಕೂರಿಸಿದ.

ಮರುದಿನ ನಾನೇ ಹಟ ಮಾಡಿ ಮಗಳನ್ನು ಮಾರ್ತಾಳ ಹತ್ತಿರ ಕರೆದುಕೊಂಡು ಹೋದೆ. ಹೇಳಬೇಕಾದದ್ದನ್ನು ಮಗಳಿಗೆ ಮನೆಯಲ್ಲಿ ಹೇಳುವ ಧೈರ್ಯ ಇರಲಿಲ್ಲ. ಅಲ್ಲಿ ಕುಳಿತು ನಾನು ತುಳುವಿನಲ್ಲಿ ಹೇಳುತ್ತಾ ಹೋದೆ, ಅವಳು ಇಂಗ್ಲಿಷಿಗೆ ತಿರುಗಿಸುತ್ತಾ ಹೋದಳು. ಪೆಟ್ಟಿಗೆ ನಾನು ಮಡಚಿದ್ದು ಎಂದೆ. ಮಗಳು ಇಂಗ್ಲಿಷಿಗೆ ತಿರುಗಿಸದೆ ನನ್ನ ಮುಖ ನೋಡಿದಳು. "ಎಷ್ಟು ಅಮ್ಮಾ?" ಎಂದು ಕೇಳಿದಳು. ಎಲ್ಲವೂ ಎಂದೆ. ಅವಳು ಮಾರ್ತಾಳಿಗೆ ಆ ಒಂದು ಮಾತು ಹೇಳಲು ಎಷ್ಟು ಹೊತ್ತು ತೆಗೆದುಕೊಂಡಳು!

ನಾನು ಬೈಗುಳಕ್ಕೆ ತಯಾರಾಗಿದ್ದೆ. ಮಾರ್ತಾ ಬೈಯಲಿಲ್ಲ. ಕೇಳಿದ್ದು ಇಷ್ಟೇ: ಅವಳು ಮಾಡಿದ ಪೆಟ್ಟಿಗೆಗಳು ಎಲ್ಲಿ?

ಕಸಕ್ಕೆ ಹಾಕಿದೆ, ಅವು ಕೆಟ್ಟದಾಗಿದ್ದವು ಎಂದೆ.

"ನನಗೆ ಆ ಕೆಟ್ಟ ಪೆಟ್ಟಿಗೆಗಳೇ ಬೇಕಾಗಿದ್ದದ್ದು" ಎಂದಳಂತೆ ಅವಳು. ಕೆಟ್ಟದ್ದನ್ನು ನೋಡಿದರೆ ತಾನೇ ಕೈ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಗೊತ್ತಾಗುವುದು, ಅದಕ್ಕೆಂದೇ ಮನೆಗೆ ಕಳಿಸುತ್ತಿದ್ದದ್ದು. ಹೇಗೆ ಕೆಟ್ಟಿದ್ದವು, ನೆನಪಿದೆಯಾ ಎಂದು ಕೇಳಿದಳು. ನನಗೆ ನೆನಪಿಲ್ಲದೆ ಏನು. ಒಂದು ಮೂಲೆ ಮಾತ್ರ ಯಾವಾಗಲೂ ನೇರ ಇರುತ್ತಿತ್ತು, ಉಳಿದದ್ದು ಮುದುಡಿರುತ್ತಿತ್ತು ಎಂದೆ.

"ಆ ಮೂಲೆಯನ್ನು ಯಾವ ಕೈಯಲ್ಲಿ ಮಾಡುತ್ತಿದ್ದಳು?"

ವೈಶುವಿನ ಕೈಗೆ ತಟ್ಟುತ್ತಿದ್ದ ನನ್ನ ಬಲಗೈ ಮಡಿಲಲ್ಲಿ ಬಿದ್ದಿತ್ತು, ಅದನ್ನೇ ನೋಡುತ್ತಾ ಕುಳಿತೆ. ಮಾರ್ತಾಳಿಗೆ ಅರ್ಥವಾಯಿತು. ಒಂದು ರಟ್ಟು ತೆಗೆದು, ಅದನ್ನು ಅತ್ತಿತ್ತ ಮಾಡಿ, ಎಡಗೈಯಿಂದ ಶುರು ಮಾಡಿ ತಡವರಿಸುತ್ತಾ ಮಡಚಿದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಉಜ್ಜಿಕೊಂಡಳು. ರಟ್ಟು ಬರುವ ಕಡೆ ಬದಲಾಯಿಸಿದ್ದರೆ ಸಾಕಿತ್ತು, ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಹಾಕಿದ್ದರೆ ಸಾಕಿತ್ತು ಎಂದಳು.

ವೈಶುವಿನ ಜಾಗಕ್ಕೆ ಆಗಲೇ ಬೇರೆಯವರು ಬಂದಾಗಿತ್ತು. ಯೋಜನೆಗೆ ಉಳಿದದ್ದು ಕೆಲವೇ ವಾರ. ಮಾರ್ತಾ ಅಷ್ಟರಲ್ಲಿ ಎಷ್ಟೋ ಪ್ರಯತ್ನ ಮಾಡಿದಳು, ಎಡಗಡೆ ಕುಳಿತು, ಎದುರು ಕುಳಿತು. ರಟ್ಟು ಕಂಡ ಕೂಡಲೇ ವೈಶುವಿನ ಕೈ ತೊಡೆಯ ಅಡಿಗೆ ಹೋಗುತ್ತಿತ್ತು. ಆಮೇಲೆ ಯುರೋಪಿನವರು ಸಾಮಾನು ಕಟ್ಟಿ ಹೋದರು. ಹೋಗುವ ದಿನ ಮಾರ್ತಾ ನನ್ನನ್ನು ಅಪ್ಪಿಕೊಂಡಳು. ಅದು ಬೈದದ್ದಕ್ಕಿಂತ ಹೆಚ್ಚು ನೋಯಿತು.

ಮಗಳೂ ಬೈಯಲಿಲ್ಲ. "ಅಮ್ಮಾ, ಚಾ ಕುಡಿದಿರಾ? ಮಾತ್ರೆ ತಗೊಂಡಿರಾ?" ಎಂದು ಎಲ್ಲ ಕೇಳುವಳು. ಆದರೆ ವೈಶುವಿನ ಬಟ್ಟೆ, ಊಟ, ಜಡೆ ಎಲ್ಲ ಆಫೀಸಿಗೆ ಹೋಗುವ ಮೊದಲೇ ತಾನೇ ಮುಗಿಸಿ ಹೋಗುವಳು. ನನ್ನ ಕೈಗೆ ಏನೂ ಉಳಿಸುತ್ತಿರಲಿಲ್ಲ. ಮೇ ತಿಂಗಳಲ್ಲಿ ಕಿಟಕಿ ಗಾಜು ಮುಟ್ಟಿದರೆ ಸುಡುವಾಗ ನಾನು ಊರಿಗೆ ಹೊರಟೆ. ಲಿಫ್ಟಿನ ತನಕ ಬಂದ ಝೊಹರಾ ಮಾತ್ರ, "ನಾನೂ ಹತ್ತು ಮಡಚಿದ್ದೇನೆ ಅಕ್ಕ. ನನಗೂ ಪಾಲುಂಟು" ಎಂದು ಕಣ್ಣೀರು ಹಾಕಿದಳು.

ಆಮೇಲೆ ಮೂರು ವರ್ಷ ವೈಶು ಮನೆಯಲ್ಲೇ ಕುಳಿತಳು. ಹದಿನೆಂಟರಿಂದ ಇಪ್ಪತ್ತೊಂದು. ಆ ವಯಸ್ಸು ಮತ್ತೆ ಬರುತ್ತದಾ? ಫೋನಿನಲ್ಲಿ ಮುಖ ತೋರಿಸಿದರೆ ಅವಳ ಹಿಂದೆ ಅದೇ ಸೋಫಾ. ನಾನು ಊರಲ್ಲಿ ಯಾರ ಮನೆಯ ಮದುವೆಗೆ ಹೋದರೂ, ಪೆಟ್ಟಿಗೆಯಲ್ಲಿ ಸಿಹಿ ಕೊಟ್ಟರೆ ಅದರ ಮೂಲೆ ನೋಡುತ್ತಿದ್ದೆ.

ಮತ್ತೆ ಅವರು ದುಬೈಗೆ ಮನೆ ಬದಲಾಯಿಸಿದರು. ಮಗಳು ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಹಾಕಿ, ದಿನಕ್ಕೊಂದು ರಟ್ಟು ಇಟ್ಟು, ತಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದಳಂತೆ. ರಟ್ಟು ಹಾಗೆಯೇ ಬಿದ್ದಿರುತ್ತಿತ್ತು. ಯಾವಾಗಲೋ ಒಂದು ದಿನ ಬಂದು ನೋಡಿದರೆ ನಾಲ್ಕು ಮೂಲೆಯೂ ನೇರ ನಿಂತ ಪೆಟ್ಟಿಗೆ. ಆ ಪೆಟ್ಟಿಗೆ ಹಿಡಿದುಕೊಂಡು ಮಗಳು ಊದ್ ಮೇಥಾದ ಅಂಗಡಿ ಅಂಗಡಿ ಹತ್ತಿದ್ದು. ಅದರಲ್ಲೊಂದು ಈ ಸಿಹಿತಿಂಡಿ ಅಂಗಡಿ.

ಮೊನ್ನೆ ಅಲ್ಲಿ ಕೆಲಸ ನೋಡಲು ನನಗೆ ಗಾಜಿನ ಒಳಗೆ ಒಂದು ಸ್ಟೂಲ್ ಹಾಕಿಕೊಟ್ಟರು. ವೈಶುವಿನ ಎಡಗೈ ಓಡುತ್ತಿತ್ತು. ನೋಡಲು ಎಷ್ಟು ಚೆಂದ ಅಂತೀರಿ! ಒತ್ತುವುದು, ಎಬ್ಬಿಸುವುದು, ತೂರಿಸುವುದು. ಬೀಡಿ ಕಟ್ಟುವ ಕಾಲದಲ್ಲಿ ನನ್ನ ಅಕ್ಕನ ಕೈ ಹೀಗೆ ಓಡುತ್ತಿತ್ತು. ಒಂದು ರಿಬ್ಬನ್ ಸ್ವಲ್ಪ ವಾಲಿದ ಹಾಗೆ ಕಂಡಿತು. ನನಗೇ ಗೊತ್ತಿಲ್ಲದೆ ನನ್ನ ಕೈ ಮುಂದೆ ಹೋಯಿತು.

"ಅಜ್ಜಿ, ನೋ."

ಕೈ ಹಿಂದೆ ತೆಗೆದೆ. ಕೇಳಬಾರದು ಎಂದುಕೊಂಡಿದ್ದೆ, ಬಾಯಿಂದ ಬಂದೇ ಬಂತು. "ವೈಶೂ, ಖಾಲಿದಿಯಾದ ಮನೆ ನೆನಪುಂಟಾ ನಿನಗೆ? ಪೆಟ್ಟಿಗೆ ಮಡಚಿದ್ದು?"

ಅವಳು ಯೋಚನೆ ಮಾಡಿದಳು. ಕೈ ನಿಲ್ಲಿಸಲಿಲ್ಲ. "ಟ್ವೆಂಟಿ ಬಾಕ್ಸ್. ನೀನು ಮಾಡಿದ್ದು" ಎಂದಳು. ಇನ್ನೊಂದು ಪೆಟ್ಟಿಗೆ ಮುಗಿಸಿ, "ನಂದು ಕೆಳಗೆ ಬಿತ್ತು. ಸೌಂಡ್ ಬಂತು" ಎಂದಳು.

ಮಲಗಿದ್ದಾಳೆ ಎಂದು ನಾನು ತಿಳಿದಿದ್ದೆ. ಮಲಗಿರಲಿಲ್ಲ ಮಗು. ಪ್ರತಿ ವಾರ ಕೇಳಿಸಿಕೊಂಡಿತ್ತು.

"ತಪ್ಪಾಯಿತು ಮಗಾ" ಎಂದೆ. ಅಷ್ಟು ಜನ ಗಿರಾಕಿಗಳ ಎದುರು ಅಳಬಾರದು ಎಂದು ಕಣ್ಣು ಒರೆಸಲು ಕೈ ಎತ್ತಿದೆ. ಅವಳು ಮತ್ತೆ ರಿಬ್ಬನ್ ಮುಟ್ಟುತ್ತೇನೆ ಎಂದುಕೊಂಡಳೋ ಏನೋ.

"ಅಜ್ಜಿ, ಕೈ ಅಡಿಗೆ ಹಾಕು. ಹೀಗೆ." ತೊಡೆ ತಟ್ಟಿ ತೋರಿಸಿದಳು.

ನಾನು ಎರಡೂ ಕೈ ತೊಡೆಯ ಅಡಿಗೆ ಹಾಕಿ, ಅದರ ಮೇಲೆ ಕುಳಿತೆ. ಸ್ಟೂಲಿನ ಅಂಚು ಬೆರಳಿಗೆ ಒತ್ತುತ್ತಿತ್ತು. ಅಷ್ಟು ದಿನ ಅವಳು ಹೀಗೆ ಕುಳಿತದ್ದು. ಎಷ್ಟು ನೋಯುತ್ತದೆ ಎಂದು ಆಗ ಗೊತ್ತಾಯಿತು.

ಅವಳು ಉಳಿದ ಪೆಟ್ಟಿಗೆಗಳನ್ನು ಮುಗಿಸಿದಳು. ಕೈಗವಸು ಕಳಚಿ, ತಟ್ಟೆಯಿಂದ ಬಾದಾಮಿ ಇಟ್ಟ ಒಂದು ಖರ್ಜೂರ ತೆಗೆದು ನನ್ನ ಹತ್ತಿರ ಬಂದಳು. ನನ್ನ ಕೈ ಎರಡೂ ಅಡಿಯಲ್ಲೇ ಇದ್ದವು. ಅವಳು ಎಡಗೈ ಮುಂದೆ ಮಾಡಿದಳು. ನಾನು ಬಾಯಿ ತೆರೆದೆ.